ತಂಡದ ನಾಯಕಿಯ ಹೆಸರು

ಗಜೇಂದ್ರಗಡದ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮಗ್ಗಗಳಿಗೆ ಹೆಚ್ಚು ಜಾಗವಿತ್ತು. ಬಾಗಿಲು ದಾಟಿದ ಕೂಡಲೇ ಸಿಗುವ ದೊಡ್ಡ ಕೋಣೆಯೇ ಮಗ್ಗದ ಕೋಣೆ. ಅದರ ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡ ಬಚ್ಚಲು, ಪಕ್ಕದಲ್ಲಿ ಹಾಸಿಗೆ, ಪೆಟ್ಟಿಗೆ, ಜೋಳದ ಚೀಲ ಎಲ್ಲವನ್ನೂ ತುರುಕಿದ ಒಂದು ಸಣ್ಣ ಕೋಣೆ. ಮಗ್ಗಗಳು ಎರಡು. ಒಂದು ಅಪ್ಪನ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೇ ಕೂತು ನೇಯುವಂಥದ್ದು. ಇನ್ನೊಂದು ಕಟ್ಟಿಗೆಯ ಕಾಲುಗಳ ಮೇಲೆ ಎತ್ತರಕ್ಕೆ ನಿಂತ ಮಗ್ಗ, ಅದು ಅತ್ತೆಯದು. ಅತ್ತೆ ಅಂದರೆ ಅಪ್ಪನ ತಂಗಿ ಶಾಂತಾ. ಅವಳನ್ನು ಯಾವಗಲ್‌ ಊರಿಗೆ ಕೊಟ್ಟಿದ್ದರು. ಗಂಡ ಬೇರೊಂದು ಸಂಸಾರ ಹೂಡಿದ ಮೇಲೆ ನಾಲ್ಕು ವರ್ಷದ ಮಗಳು ಗಿರಿಜಾಳನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸು ಹತ್ತಿ ಬಂದವಳು ಮತ್ತೆ ಹೋಗಲಿಲ್ಲ. ನನಗೂ ಆಗ ನಾಲ್ಕೇ ವರ್ಷ. ಹೀಗಾಗಿ ಗಿರಿಜಾ ಇಲ್ಲದ ಮನೆ ಹೇಗಿತ್ತು ಅನ್ನುವುದು ನನಗೆ ನೆನಪಿಲ್ಲ. ಒಂದೇ ತಾಟಿನಲ್ಲಿ ಉಂಡೆವು, ಒಂದೇ ಕೌದಿ ಹೊದ್ದು ಮಲಗಿದೆವು, ಒಂದೇ ಬೆಂಚಿನಲ್ಲಿ ಕೂತು ಒಂಬತ್ತನೆಯ ಇಯತ್ತೆಯವರೆಗೆ ಬಂದೆವು.

ಆದರೂ ಅವಳು ಬಂದವಳು, ನಾನು ಇದ್ದವಳು ಅನ್ನುವುದು ಮನೆಯಲ್ಲಿ ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿದ್ದ ಮಾತು. ಅತ್ತೆ ದಿನವಿಡೀ ನೇಯುತ್ತಿದ್ದಳು, ತನ್ನ ಮತ್ತು ಮಗಳ ಊಟಕ್ಕಿಂತ ಹೆಚ್ಚೇ ದುಡಿಯುತ್ತಿದ್ದಳು. ಆದರೆ ಊಟಕ್ಕೆ ಕೂತಾಗ ರೊಟ್ಟಿಯ ಬುಟ್ಟಿಗೆ ತಾನಾಗಿ ಕೈ ಹಾಕುತ್ತಿರಲಿಲ್ಲ. ಅವ್ವ ಬಡಿಸಬೇಕು. ಅವ್ವ ಮರೆತರೆ ಅತ್ತೆ ತಾಟಿನಲ್ಲಿ ಉಳಿದ ಪುಂಡಿ ಪಲ್ಯವನ್ನು ಬೆರಳಲ್ಲಿ ಒರೆಸಿಕೊಂಡು ಏಳುತ್ತಿದ್ದಳು. ಅವ್ವನಿಗೆ ಇದೇ ಸಿಟ್ಟು. "ಕೇಳಿದ್ರ ಬಾಯಿ ಸವದ ಹೋಗತೈತೇನ? ನಾ ಉಪವಾಸ ಕೆಡವೀನಿ ಅಂತ ಮಂದಿ ತಿಳಕೊಳ್ಳಾಕೇನ?" ಅಂತ ಅಡುಗೆಮನೆಯಲ್ಲಿ ಪಾತ್ರೆಗಳ ಮುಂದೆ ಹೇಳುತ್ತಿದ್ದಳು. ಅತ್ತೆ ಮಗ್ಗದ ಸಪ್ಪಳ ಜೋರು ಮಾಡುತ್ತಿದ್ದಳು. ನಮ್ಮ ಮನೆಯ ಜಗಳಗಳೆಲ್ಲ ಹೀಗೇ. ಒಂದು ಕಡೆ ಪಾತ್ರೆ, ಇನ್ನೊಂದು ಕಡೆ ಮಗ್ಗ. ಗಿರಿಜಾ ಕೂಡ ತಾಯಿಯ ಹಾಗೇ ಆಗಿದ್ದಳು. ಶೇಂಗಾ ಚಟ್ನಿ ಅಂದರೆ ಅವಳಿಗೆ ಪ್ರಾಣ, ಆದರೆ ಎರಡನೆಯ ಸಲ ಕೇಳಿದ್ದನ್ನು ನಾನು ನೋಡಿಲ್ಲ. ನಾನು ನನಗೆ ಹಾಕಿಸಿಕೊಂಡು ಅರ್ಧ ಅವಳ ಕಡೆ ಸರಿಸುತ್ತಿದ್ದೆ, ಮತ್ತು ಹಾಗೆ ಸರಿಸುವಾಗ ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಗುತ್ತಿತ್ತು.

ಊಟದಲ್ಲಿ ಏನನ್ನೂ ಕೇಳದ ಗಿರಿಜಾ ಬೇರೆ ಎಲ್ಲವನ್ನೂ ಕೇಳುತ್ತಿದ್ದಳು. ಒಂಬತ್ತನೆಯ ಇಯತ್ತೆಯ ಚಳಿಗಾಲ ಮುಗಿಯುತ್ತ ಬಂದಿದ್ದ ದಿನಗಳು. ಶಾಲೆಯಿಂದ ಬಂದು ಅತ್ತೆಯ ಮಗ್ಗದ ಪಕ್ಕ ನಿಂತು ಹರಿದ ಎಳೆಗಳನ್ನು ಗಂಟು ಹಾಕಿಕೊಡುವುದು ಅವಳ ಕೆಲಸ. ನನ್ನ ಬೆರಳು ಅದಕ್ಕೆ ಬರುತ್ತಿರಲಿಲ್ಲ. ನಾನು ಗಂಟು ಹಾಕಿದರೆ ಮುಂದಿನ ಹೊಡೆತಕ್ಕೇ ಬಿಚ್ಚುತ್ತಿತ್ತು. ಒಂದು ದಿನ ಅವಳು ಕೈಯಲ್ಲಿ ಎಳೆ ಹಿಡಿದುಕೊಂಡೇ ಅಪ್ಪನ ಕಡೆ ತಿರುಗಿದಳು.

"ಮಾಮಾ, ನಿಮ್ಮ ಮಗ್ಗದಾಗ ಎಳಿ ಕಡಿಮಿ ಹರಿತಾವು. ನಮ್ಮವ್ವನ ಮಗ್ಗದಾಗ ಜಾಸ್ತಿ. ಯಾಕ?"

"ಕುಣಿಯಾಗ ನೆಲದ ಥಂಡಿ ಇರತೈತಿ. ಮ್ಯಾಲಿನ ಮಗ್ಗಕ್ಕ ಒಣಾ ಗಾಳಿ ಬಡೀತೈತಿ. ಒಣಾ ಗಾಳಿಗೆ ನೂಲು ತಡಿಯಂಗಿಲ್ಲ."

"ಎಷ್ಟ ಒಣಾ ಇದ್ರ ಹರಿತಾವು?"

ಅಪ್ಪ ಲಾಳಿ ನಿಲ್ಲಿಸಿದ.

"ಎಷ್ಟಂದ್ರ? ಒಣಾ ಅಂದ್ರ ಒಣಾನ. ಅದನ್ನೇನ ಅಳೀತಾರೇನವಾ?"

ಅಳೆಯುತ್ತಾರೆ ಅಂತ ಹೇಳಿದವರು ನಮ್ಮ ವಿಜ್ಞಾನದ ಹೊಸಮನಿ ಸರ. ಅವರು ದಿನಾ ಸೂಡಿಯಿಂದ ಗಾಡಿಯ ಮೇಲೆ ಬರುತ್ತಿದ್ದರು. ವಿಜ್ಞಾನದ ಜೊತೆ ಗಣಿತವೂ ಅವರದೇ, ಬಿಸಿಯೂಟದ ಲೆಕ್ಕವೂ ಅವರದೇ. ಒಂದು ಮಧ್ಯಾಹ್ನ ಊಟದ ಸಾಲಿನ ಪಕ್ಕ ನಿಂತೇ, ಮನುಷ್ಯರ ಕೂದಲು ತೇವಕ್ಕೆ ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ, ಅದಕ್ಕೊಂದು ಮುಳ್ಳು ಕಟ್ಟಿದರೆ ಗಾಳಿಯ ತೇವ ಅಳೆಯಬಹುದು ಅಂತ ಹೇಳಿದರು. ಅಷ್ಟೇ ಸಾಕಾಯಿತು. ಮನೆಯಲ್ಲಿ ಎಲ್ಲರಿಗಿಂತ ಉದ್ದ ಕೂದಲು ಇದ್ದುದು ಅಜ್ಜಿಗೆ, ಅಂದರೆ ಅಪ್ಪನ ಅವ್ವನಿಗೆ. ಅವಳು ಅಂಗಳದಲ್ಲಿ ತಲೆ ಬಾಚಿಕೊಳ್ಳುತ್ತಿದ್ದಾಗ ಗಿರಿಜಾ ಹೋಗಿ ಒಂದು ಕೂದಲು ಕೊಡು ಅಂದಳು.

"ನನ್ನ ಕೂದಲಾ ಒಯ್ದು ಮಾಟಾ ಮಾಡಸ್ತೀರೇನ?"

"ಇಲ್ಲ ಅಜ್ಜಿ. ಗಾಳಿ ನೋಡತೀವಿ."

"ಗಾಳಿ ನೋಡಾಕ ಕೂದಲಾ ಯಾಕ? ಹೊರಗ ಹೋಗಿ ನಿಂದರ್ರಿ."

ಆದರೂ ಕೊಟ್ಟಳು, ಒಂದಲ್ಲ, ಹಣಿಗೆಗೆ ಸಿಕ್ಕಿದ ಐದಾರು. ಗಿರಿಜಾ ಅವುಗಳನ್ನು ಎಣ್ಣೆ ಹೋಗುವ ಹಾಗೆ ಸೀಗೆಪುಡಿಯಲ್ಲಿ ತೊಳೆದಳು. ಹಳೆಯ ಹಲಗೆಯೊಂದಕ್ಕೆ ಮೊಳೆ ಹೊಡೆದು ಕೂದಲಿನ ಒಂದು ತುದಿ ಕಟ್ಟಿದಳು, ಇನ್ನೊಂದು ತುದಿಯನ್ನು ಹಲಗೆಗೆ ಸಡಿಲಾಗಿ ಚುಚ್ಚಿದ ಸೂಜಿಗೆ ಒಂದು ಸುತ್ತು ಹಾಕಿ ಕೆಳಗೆ ಅಂಗಿಯ ಗುಂಡಿ ತೂಗುಬಿಟ್ಟಳು, ಸೂಜಿಯ ತುದಿಗೆ ಕಸಬರಿಗೆಯ ಕಡ್ಡಿಯನ್ನು ಮುಳ್ಳಾಗಿ ಸಿಕ್ಕಿಸಿದಳು. ಹಲಗೆಯ ಮೇಲೆ ಸೊನ್ನೆಯಿಂದ ಹತ್ತರವರೆಗೆ ಗೆರೆ ಎಳೆದಳು. ಬೆಳಿಗ್ಗೆ ಅವ್ವ ಮಗ್ಗದ ಕೋಣೆಗೆ ನೀರು ಚಿಮುಕಿಸಿದಾಗ ಆ ಕಡ್ಡಿ ಮೆಲ್ಲಗೆ ಕೆಳಗಿಳಿಯಿತು. ಮಧ್ಯಾಹ್ನ ಮೇಲಕ್ಕೇರಿತು. ಅಪ್ಪ ಕುಣಿಯಿಂದ ಎದ್ದು ಬಂದು ಬಹಳ ಹೊತ್ತು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಆಮೇಲೆ ಹೋಗಿ ನೇಯತೊಡಗಿದ. ಅಂದಿನಿಂದ ದಿನಕ್ಕೆ ಮೂರು ಸಲ ಕಡ್ಡಿ ಎಲ್ಲಿದೆ, ಆ ಹೊತ್ತಿಗೆ ಎರಡೂ ಮಗ್ಗಗಳಲ್ಲಿ ಎಷ್ಟು ಎಳೆ ಹರಿದವು ಅಂತ ಗಿರಿಜಾ ಒಂದು ಪಟ್ಟಿಯಲ್ಲಿ, ಅಂದರೆ ನೋಟುಬುಕ್ಕಿನಲ್ಲಿ, ಬರೆದಳು. ಮಗ್ಗಕ್ಕೆ ಪೂಜೆ ಮಾಡಿ ಬಿಡುವು ಕೊಡುವ ಅಮವಾಸ್ಯೆಯ ದಿನ ಮಾತ್ರ ಆ ಪಟ್ಟಿಯಲ್ಲಿ ಖಾಲಿ ಗೆರೆ. ನಾನು ಪಟ್ಟಿಗೆ ಬಣ್ಣದ ಪೆನ್ಸಿಲ್ಲಿನಲ್ಲಿ ಅಂಚು ಹಾಕಿದೆ. ಅದರಲ್ಲಿ ನನ್ನ ಕೆಲಸ ಅಷ್ಟೇ ಇತ್ತು ಅಂತ ಈಗ ಬರೆಯುವಾಗ ಕೈ ತಡೆಯುತ್ತದೆ, ಆದರೆ ಅಷ್ಟೇ ಇತ್ತು.

ಹತ್ತನೆಯ ಇಯತ್ತೆ ಶುರುವಾಗುವ ಹೊತ್ತಿಗೆ ಪಟ್ಟಿ ತುಂಬಿತ್ತು. ಹೊಸಮನಿ ಸರ ಮನೆಗೇ ಬಂದು ನೋಡಿದರು. ಅವ್ವ ಕೊಟ್ಟ ಚಹಾ ಆರುವವರೆಗೆ ಹಾಳೆ ತಿರುವಿದರು.

"ಇದನ್ನ ಎಲ್ಲ್ಯರ ಕಳಸಬೇಕು," ಅಂದರು. "ಎಲ್ಲಿಗೆ ಅಂತ ಖರೇ ಹೇಳಬೇಕಂದ್ರ ನನಗೂ ಗೊತ್ತಿಲ್ಲ. ನೀವೂ ಹುಡಕ್ರಿ, ನಾನೂ ಹುಡಕತೀನಿ."

ಹುಡುಕುವ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಓದಲು ಬರುತ್ತಿತ್ತು, ತಿಳಿಯುತ್ತಿತ್ತು ಅಂತಲ್ಲ. ಮನೆಯಲ್ಲಿ ಇದ್ದುದು ಅಪ್ಪನ ಒಂದೇ ಫೋನು. ಅದರ ತುಂಬ ಸೀರೆಗಳ ಚಿತ್ರ. ವ್ಯಾಪಾರಸ್ಥರು ಅಂಚು ತೋರಿಸು, ಸೆರಗು ತೋರಿಸು ಅನ್ನುತ್ತಿದ್ದರು. ಅಪ್ಪ ಊಟಕ್ಕೆ ಕೂತಾಗ ಮಾತ್ರ ಫೋನು ನನ್ನ ಕೈಗೆ. ಕನ್ನಡದಲ್ಲಿ ಹುಡುಕಿದರೆ ಮುಗಿದುಹೋದ ಸ್ಪರ್ಧೆಗಳ ಬಹುಮಾನದ ಸುದ್ದಿ ಬರುತ್ತಿತ್ತು. ಇಂಗ್ಲಿಷಿನಲ್ಲಿ ಹುಡುಕಿದರೆ ಪ್ರಪಂಚವೇ ಬರುತ್ತಿತ್ತು, ಮತ್ತು ಆ ಪ್ರಪಂಚದಲ್ಲಿ ಎಲ್ಲವೂ ಇತ್ತು: ಹೈಸ್ಕೂಲು ಮಕ್ಕಳು ಬಿಳಿಯ ಕೋಟು ಹಾಕಿಕೊಂಡು ನಿಂತ ಪ್ರಯೋಗಾಲಯಗಳು, ಬೇಸಿಗೆಯ ಶಿಬಿರಗಳು, ನಕ್ಷತ್ರ ನೋಡುವವರು, ಸಮುದ್ರ ನೋಡುವವರು. ಒಂದೊಂದನ್ನೂ ಬೆರಳಲ್ಲಿ ಸರಿಸುತ್ತ ಕೆಳಗೆ ಹೋದರೆ ಕೊನೆಗೆ ಒಂದು ಗೋಡೆ. ಒಂದಕ್ಕೆ ಹನ್ನೊಂದನೆಯ ತರಗತಿಯಾಗಿರಬೇಕು. ಇನ್ನೊಂದಕ್ಕೆ ಬೇರೆ ಪಠ್ಯಕ್ರಮದ ಶಾಲೆಯಾಗಿರಬೇಕು. ಮತ್ತೊಂದಕ್ಕೆ ಶಾಲೆಯೇ ಮೊದಲು ಸದಸ್ಯನಾಗಿರಬೇಕು. ಒಂದಕ್ಕೆ ಎಲ್ಲ ಸರಿಯಿತ್ತು, ಕೊನೆಯ ದಿನಾಂಕ ಹಿಂದಿನ ವಾರ ಮುಗಿದಿತ್ತು. ನಾನು ಒಂದು ಪಟ್ಟಿಯಲ್ಲಿ ಹೆಸರು ಬರೆಯುತ್ತಿದ್ದೆ, ಗಿರಿಜಾ ಪಕ್ಕದಲ್ಲಿ ಕೂತು ನಾನು ಗೋಡೆ ಮುಟ್ಟಿದಾಗಲೆಲ್ಲ ಅದರ ಮೇಲೆ ಗೆರೆ ಎಳೆಯುತ್ತಿದ್ದಳು. ಅವಳ ಗೆರೆ ನೆಟ್ಟಗೆ ಇರುತ್ತಿತ್ತು.

ಒಂದು ಅರ್ಜಿಯಲ್ಲಿ ಇನ್ನೂರೈವತ್ತು ಪದಗಳ ‘ಅಬ್‌ಸ್ಟ್ರ್ಯಾಕ್ಟ್’ ಬರೆಯಿರಿ ಅಂತಿತ್ತು. ಶಾಲೆಯ ನಿಘಂಟಿನಲ್ಲಿ ನೋಡಿದರೆ ‘ಅಮೂರ್ತ’ ಅಂತಿತ್ತು. ಇನ್ನೂರೈವತ್ತು ಪದಗಳ ಅಮೂರ್ತ ಅಂದರೆ ಏನು ಅಂತ ಇಬ್ಬರೂ ಎರಡು ದಿನ ತಲೆ ಕೆಡಿಸಿಕೊಂಡೆವು. ಗಿರಿಜಾ ದೇವರ ಬಗ್ಗೆ ಇರಬೇಕು ಅಂದಳು. ಅದು ಬರೀ ಸಾರಾಂಶ ಅಂತ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಇನ್ನೊಂದು ಕಡೆ ‘ರೆಸಿಡೆನ್ಶಿಯಲ್’ ಅಂತಿತ್ತು. ನಾನು ಅದನ್ನು ವಾಸದ ಪ್ರಮಾಣಪತ್ರ ಅಂತ ಅರ್ಥ ಮಾಡಿಕೊಂಡು ಅಪ್ಪನಿಗೆ ಹೇಳಿದೆ. ಅಪ್ಪ ಎರಡು ದಿನ ಮಗ್ಗ ಬಿಟ್ಟು, ಕಚೇರಿಯ ಸಾಲಿನಲ್ಲಿ ನಿಂತು, ನಾವಿಬ್ಬರೂ ಗಜೇಂದ್ರಗಡದಲ್ಲೇ ವಾಸಿಸುತ್ತೇವೆ ಅಂತ ಮುದ್ರೆ ಹಾಕಿದ ಕಾಗದ ತಂದ. ಅದು ಅಲ್ಲಿಯೇ ಉಳಿದು ಕಲಿಯುವ ಶಿಬಿರ ಅಂತ ಆಮೇಲೆ ಹೊಸಮನಿ ಸರ ಹೇಳಿದಾಗ ನನಗೆ ಅಪ್ಪನ ಮುಖ ನೋಡಲಾಗಲಿಲ್ಲ. "ಇರಲಿ ಬಿಡು, ಮುಂದ ಬೇಕಾಗತೈತಿ," ಅಂತ ಅವನು ಆ ಕಾಗದಗಳನ್ನು ಪೆಟ್ಟಿಗೆಯಲ್ಲಿ ಇಟ್ಟ. ಇನ್ನೊಮ್ಮೆ ಒಂದು ಅರ್ಜಿ ಇಳಿಸಿಕೊಳ್ಳಲು ಫೋನಿನಲ್ಲಿ ಜಾಗ ಸಾಲದೆ ನಾನು ಹಳೆಯ ಸೀರೆಗಳ ಚಿತ್ರ ಅಳಿಸಿದೆ. ಅದರಲ್ಲಿ ವ್ಯಾಪಾರಸ್ಥರೊಬ್ಬರು ಮತ್ತೆ ಬೇಕು ಅಂದಿದ್ದ ಸೆರಗಿನ ಚಿತ್ರವೂ ಹೋಯಿತು. ಅವತ್ತು ಅವ್ವ ಪಾತ್ರೆಗಳ ಮುಂದೆ ಅಲ್ಲ, ನನ್ನ ಮುಂದೆಯೇ ಕೂಗಿದಳು. ಅತ್ತೆ ಎದ್ದು ಹೋಗಿ, ಗಿರಿಜಾಳನ್ನು ಬಚ್ಚಲ ಹತ್ತಿರ ಕರೆದು, ಸಾಕು ಮಾಡು ಇದನ್ನೆಲ್ಲ ಅಂತ ಹೇಳಿದ್ದು ನನಗೆ ಕೇಳಿಸಿತು. ಚಿತ್ರ ಅಳಿಸಿದವಳು ನಾನು, ಬೈಸಿಕೊಂಡವಳು ಅವಳು.

ಅಪ್ಪ ಬಸ್ಸು ಹಿಡಿದು ರೋಣದ ಶಿಕ್ಷಣ ಕಚೇರಿಗೂ ಹೋಗಿ ಕೇಳಿ ಬಂದ. ಅಲ್ಲಿ ಒಬ್ಬರು ಕೂಡಿಸಿ, ನೀರು ಕೊಟ್ಟು, ಬಹಳ ಮರ್ಯಾದೆಯಿಂದ, "ಹಂಗೇನಾರ ಬಂದ್ರ ಸಾಲಿಗೆ ತಿಳಸ್ತೀವ್ರಿ," ಅಂದರಂತೆ. ಅಪ್ಪನಿಗೆ ಅದೇ ದೊಡ್ಡ ಸಂಗತಿ. ಮನೆಗೆ ಬಂದು ಮೂರು ಸಲ ಹೇಳಿದ. ತನಗೆ ಗೊತ್ತಿಲ್ಲದ ಒಂದು ವಸ್ತುವನ್ನು, ಅದರ ಹೆಸರೂ ಸರಿಯಾಗಿ ತಿಳಿಯದೆ, ಮಕ್ಕಳಿಗಾಗಿ ಊರೂರು ಕೇಳುತ್ತ ಹೋದ ಆ ಮನುಷ್ಯನನ್ನು ನಾನು ಈಗಲೂ ನೆನೆಯುತ್ತೇನೆ. ನಾನೀಗ ನರಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಶಾಲೆಯ ಮಕ್ಕಳ ಕೈಯಲ್ಲಿ ನನ್ನದಕ್ಕಿಂತ ಒಳ್ಳೆಯ ಫೋನುಗಳಿವೆ. ಆದರೂ ಅವರು ಬಂದು, ಟೀಚರ್, ಇದು ನಮಗೆ ನಡೀತೈತೇನ್ರಿ ಅಂತ ತೆರೆದು ತೋರಿಸಿದಾಗ ನಾನು ಮೊದಲು ಕೆಳಗೆ, ಗೋಡೆ ಎಲ್ಲಿದೆ ಅಂತಲೇ ನೋಡುತ್ತೇನೆ.

ಮಳೆಗಾಲ ಮುಗಿಯುವಾಗ ಹೊಸಮನಿ ಸರ ಒಂದು ಅರ್ಜಿ ತಂದರು. ಹೈಸ್ಕೂಲು ಮಕ್ಕಳ ವಿಜ್ಞಾನ ಯೋಜನೆಗಳ ಸ್ಪರ್ಧೆ. ಮೊದಲು ಗದಗಿನಲ್ಲಿ ಜಿಲ್ಲಾಮಟ್ಟ, ಆಮೇಲೆ ರಾಜ್ಯಮಟ್ಟ. ನಮ್ಮಂಥ ಶಾಲೆಗೆ ನಡೆಯುತ್ತಿತ್ತು, ಹತ್ತನೆಯ ಇಯತ್ತೆಗೆ ನಡೆಯುತ್ತಿತ್ತು, ಕೊನೆಯ ದಿನಾಂಕಕ್ಕೆ ಇನ್ನೂ ನಾಲ್ಕು ದಿನವಿತ್ತು. ತಂಡದಲ್ಲಿ ಇಬ್ಬರಿರಬೇಕು, ಅವರಲ್ಲಿ ಒಬ್ಬರು ‘ತಂಡದ ನಾಯಕ ಅಥವಾ ನಾಯಕಿ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ರಾಜ್ಯಮಟ್ಟಕ್ಕೆ ಆಯ್ಕೆಯಾದ ತಂಡದಿಂದ ನಾಯಕ ಅಥವಾ ನಾಯಕಿ ಮಾತ್ರ ಭಾಗವಹಿಸತಕ್ಕದ್ದು. ಆ ಸಾಲನ್ನು ನಾನು ಓದಿದ್ದೆ. ಮನೆಯಲ್ಲಿ ಬೇರೆ ಯಾರೂ ಓದಿರಲಿಲ್ಲ.

ಸಂಜೆ ಊಟದ ಹೊತ್ತಿಗೆ ಅರ್ಜಿಯನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಓದಿ ಹೇಳಿದೆ. ನಾಯಕಿ ಯಾರು ಅನ್ನುವ ಕಡೆ ಬಂದು ನಿಂತೆ.

"ಸವಿತಾಂದ ಬರೀರಿ," ಅಂದಳು ಅವ್ವ ನನ್ನ ಹೆಸರು ಹಿಡಿದು, ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕುತ್ತ. "ನಾಲ್ಕ ಮಂದ್ಯಾಗ ಎದ್ದ ನಿಂತ ಮಾತಾಡಬೇಕಲ್ಲ. ಇಂಗ್ಲಿಷ ಬರೂದು ಇಕಿಗೆ."

ಅಪ್ಪ ತಂಗಿಯ ಕಡೆ ನೋಡಿದ. "ಕೆಲಸಾ ಮಾಡಿದ್ದು ಗಿರಿಜಾ..."

"ಬರೀಲಿ ಬಿಡಣ್ಣಾ," ಅತ್ತೆ ಅವಸರದಿಂದ ಅಂದಳು. "ಯಾರದ ಬರದ್ರೇನು? ಇಬ್ಬರೂ ಒಂದ ಮನಿಯವರ ಅಲ್ಲೇನು."

"ನೋಡ್ರಿ, ಶಾಂತಾನ ಹೇಳಿದ್ಲು," ಅಂದಳು ಅವ್ವ.

ಗಿರಿಜಾ ತಾಟಿನ ಅಂಚಿಗೆ ಹತ್ತಿದ ಖಾರವನ್ನು ಬೆರಳಲ್ಲಿ ಕೂಡಿಸುತ್ತಿದ್ದಳು. ನನ್ನ ಬಾಯಲ್ಲಿ ಆ ಸಣ್ಣ ಅಕ್ಷರದ ಸಾಲು ಇತ್ತು. ಅದನ್ನು ಓದಿ ಹೇಳಿದ್ದರೆ ಅಪ್ಪ ಒಂದು ಮಾತು ಹೆಚ್ಚು ಆಡುತ್ತಿದ್ದ. ಬಹುಶಃ ಅವ್ವನೂ ಕೈ ತಡೆಯುತ್ತಿದ್ದಳು. ನಾವು ಹೇಗೂ ರಾಜ್ಯಮಟ್ಟಕ್ಕೆ ಹೋಗುವುದಿಲ್ಲ, ಮತ್ತೆ ಯಾಕೆ ಹೇಳುವುದು ಅಂತ ನನಗೆ ನಾನೇ ಹೇಳಿಕೊಂಡೆ. ಕೈ ತೊಳೆದು ಬಂದು, ನನ್ನ ಹೆಸರನ್ನು ನಾನೇ, ಚೆಂದದ ಅಕ್ಷರದಲ್ಲಿ, ಬರೆದೆ.

ಗದಗಿನ ಸ್ಪರ್ಧೆಗೆ ಇಬ್ಬರೂ ಹೋದೆವು. ಹಲಗೆಯನ್ನು ಬಸ್ಸಿನಲ್ಲಿ ಗಿರಿಜಾ ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ತಗ್ಗಿನಲ್ಲೂ ಕೂದಲಿಗೆ ಕೈ ಅಡ್ಡ ಹಿಡಿಯುತ್ತ ಬಂದಳು. ಅಲ್ಲಿ ನಾನು ಬಾಯಿಪಾಠ ಮಾಡಿದ್ದನ್ನು ಒಂದೂ ತಪ್ಪದೆ ಒಪ್ಪಿಸಿದೆ. ನಿರ್ಣಾಯಕರು ಪ್ರಶ್ನೆ ಕೇಳತೊಡಗಿದ ಮೇಲೆ ಮಾತೆಲ್ಲ ಗಿರಿಜಾಳದಾಯಿತು. ಕೇಳಿದರೆ ಬೆದರುವವಳು ಅಂತ ನಾವೆಲ್ಲ ಅಂದುಕೊಂಡಿದ್ದವಳು ಅಲ್ಲಿ ಬೆದರಲಿಲ್ಲ. ಅವರು ಒಂದು ಕೇಳಿದರೆ ಇವಳು, "ಅದನ್ನ ಹಂಗ ನೋಡಬಾರದ್ರೀ," ಅಂತ ಪಟ್ಟಿ ತೆರೆದು ಅವರಿಗೇ ತೋರಿಸಿದಳು. ಸಂಜೆ ಆಯ್ಕೆಯಾದವರ ಹೆಸರು ಓದಿದರು. ನಮ್ಮ ಶಾಲೆಯ ಹೆಸರು ಹೇಳಿ, "ಸವಿತಾ ಮತ್ತು ತಂಡ," ಅಂದರು. ಗಿರಿಜಾ ನನ್ನನ್ನು ಅಪ್ಪಿಕೊಂಡು ನಗುತ್ತ, "ನಾನು ತಂಡ!" ಅಂದಳು. ಆಗ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಮರುದಿನ ಹೊಸಮನಿ ಸರ ಆ ಸಾಲು ಓದಿ ಹೇಳಿದರು. ಅವರೂ ಮೊದಲು ಗಮನಿಸಿರಲಿಲ್ಲ. ಅದಕ್ಕಾಗಿ ತಮ್ಮನ್ನೇ ಬೈದುಕೊಂಡರು. ನಾನು ಅಳುತ್ತ, ನನ್ನ ಹೆಸರು ತೆಗೆದು ಗಿರಿಜಾಳದು ಹಾಕಿಸಿ ಸರ ಅಂದೆ. ಅವರು ಪತ್ರ ಬರೆದರು, ಅರ್ಜಿಯ ಮೇಲಿದ್ದ ನಂಬರಿಗೆ ನನ್ನೆದುರೇ ಫೋನು ಮಾಡಿದರು. ಒಮ್ಮೆ ಕಳಿಸಿದ ಮೇಲೆ ಬದಲಾಯಿಸಲು ಬರುವುದಿಲ್ಲ ಅಂದರು ಆ ಕಡೆಯವರು. ಸರ ಮತ್ತೆ ಕೇಳಿದರು. ಬರುವುದಿಲ್ಲ ಸರ್, ನಮ್ಮ ಕೈಯಲ್ಲಿಲ್ಲ ಅಂದರು. ಯಾರ ಕೈಯಲ್ಲಿದೆ ಅಂತ ಸರ ಕೇಳಿದಾಗ ಆ ಕಡೆಯವರು ಅದೂ ಗೊತ್ತಿಲ್ಲ ಅಂದರು.

ಮನೆಯಲ್ಲಿ ಅಂದು ಪಾತ್ರೆಯ ಸಪ್ಪಳವೂ ಇರಲಿಲ್ಲ, ಮಗ್ಗದ ಸಪ್ಪಳವೂ ಇರಲಿಲ್ಲ. ಅವ್ವ ತಾನಾಗಿ ಎದ್ದು ಹೋಗಿ ಗಿರಿಜಾಳ ತಾಟಿಗೆ ಶೇಂಗಾ ಚಟ್ನಿ ಹಾಕಿದಳು, ಮತ್ತೆ ಹಾಕಿದಳು. ಗಿರಿಜಾ ಉಂಡಳು. ಆಮೇಲೆ ಒಂದು ವಾರ, ಶಾಲೆ ಬಿಟ್ಟ ಮೇಲೆ, ಅವಳು ನನ್ನನ್ನು ಹಲಗೆಯ ಮುಂದೆ ಕೂಡಿಸಿ ತನಗೆ ಗೊತ್ತಿದ್ದುದನ್ನೆಲ್ಲ ನನಗೆ ಕಲಿಸಿದಳು. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಸಿಟ್ಟು ಮಾಡಲಿಲ್ಲ; "ಇದನ್ನ ಕೇಳಿದ್ರ ಹಿಂಗ ಹೇಳು, ಅದನ್ನ ಕೇಳಿದ್ರ ಪಟ್ಟಿ ತಗದ ತೋರಸು," ಅಂತ ಒಂದೊಂದನ್ನೇ ನನ್ನ ಬಾಯಿಂದ ಹೇಳಿಸಿದಳು.

ರಾಜ್ಯಮಟ್ಟದ ಸ್ಪರ್ಧೆ ದೂರದ ಊರಿನ ಒಂದು ಕಾಲೇಜಿನಲ್ಲಿ ನಡೆಯಿತು. ಅಪ್ಪ ಜೊತೆಗೆ ಬಂದಿದ್ದ. ಹೊರಗೆ ಮರದ ಕೆಳಗೆ, ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ನನ್ನ ಮೇಜಿನ ಹತ್ತಿರ ಬಂದ ನಿರ್ಣಾಯಕರಲ್ಲಿ ಒಬ್ಬರು ವಯಸ್ಸಾದ ಹೆಣ್ಣುಮಗಳು. ಅವರು ಉಳಿದವರ ಹಾಗೆ ಅವಸರ ಮಾಡಲಿಲ್ಲ. ಮುಳ್ಳನ್ನು ಬಾಗಿ ನೋಡಿದರು, ಉಸಿರು ಊದಿ ಅದು ಇಳಿಯುವುದನ್ನು ನೋಡಿದರು, ಪಟ್ಟಿ ತಿರುವಿದರು.

"ಎಳೆ ಬೇರೆ ಕಾರಣಕ್ಕೂ ಹರಿಯಬಹುದಲ್ಲಮ್ಮ," ಅಂದರು. "ನೂಲೇ ಅಲ್ಲಿ ತೆಳ್ಳಗಿದ್ದರೆ? ಗಂಟು ಬಿಚ್ಚಿದರೆ? ಅದನ್ನೆಲ್ಲ ಬಿಟ್ಟು, ಗಾಳಿ ಒಣಗಿದ್ದಕ್ಕೆ ಹರಿದದ್ದನ್ನು ಮಾತ್ರ ಎಣಿಸಿದ್ದೇವೆ ಅಂತ ಬರೆದಿದ್ದೀರಿ. ಹೇಗೆ ಗೊತ್ತಾಯಿತು?"

ಗಿರಿಜಾ ಇದನ್ನು ನನಗೆ ಕಲಿಸಿರಲಿಲ್ಲ. ಅದು ಕಲಿಸಬೇಕಾದ ಸಂಗತಿ ಅಂತ ಅವಳಿಗೆ ಅನ್ನಿಸಿರಲಿಕ್ಕಿಲ್ಲ. ಎಳೆ ಹರಿದಾಗ ಅವಳು ತುದಿಯನ್ನು ಬೆರಳಲ್ಲಿ ಒಂದು ಸಲ ಹೊರಳಿಸಿ, ಒಂದು ಕ್ಷಣ ನೋಡಿ, ಬರೆಯುತ್ತಿದ್ದಳು ಇಲ್ಲವೇ ಬರೆಯದೆ ಬಿಡುತ್ತಿದ್ದಳು. ಆ ಬೆರಳು ನನ್ನ ಕಣ್ಣಿಗೆ ಕಟ್ಟಿತ್ತು. ಆ ಬೆರಳಿಗೆ ಏನು ತಿಳಿಯುತ್ತಿತ್ತು ಅನ್ನುವುದು ಗೊತ್ತಿರಲಿಲ್ಲ.

"ಅದು ಗಿರಿಜಾಗ ಗೊತ್ರೀ," ಅಂದೆ.

"ಗಿರಿಜಾ ಯಾರು?"

"ಇದನ್ನ ಮಾಡಿದಾಕಿರಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಉಳಿದ ನಿರ್ಣಾಯಕರು ಆಗಲೇ ಮುಂದಿನ ಮೇಜಿಗೆ ಹೋಗಿದ್ದರು. "ಅವಳು ಎಲ್ಲಿದ್ದಾಳೆ?" ಅಂತ ಕೇಳಿದರು. ಮನೆಯಲ್ಲಿ ಅಂದೆ. ಅವರು ತಮ್ಮ ಹಾಳೆಯ ಹಿಂದೆ ನಮ್ಮ ಶಾಲೆಯ ವಿಳಾಸ ಬರೆದುಕೊಂಡರು. ಬಹುಮಾನ ಬರಲಿಲ್ಲ, ಭಾಗವಹಿಸಿದ್ದಕ್ಕೆ ಒಂದು ಪ್ರಮಾಣಪತ್ರ ಬಂತು. ಅದರಲ್ಲಿ ಒಂದೇ ಹೆಸರು ಬರೆಯಲು ಜಾಗವಿತ್ತು.

ರಾಜ್ಯಮಟ್ಟಕ್ಕೆ ಹೋಗಿ ಬಂದವಳು ಅಂತ ಶಾಲೆಯಲ್ಲಿ ನನಗೆ ಶಾಲು ಹೊದಿಸಿದರು. ಎರಡು ಮಾತು ಹೇಳು ಅಂದರು. ಅಪರಿಚಿತರ ಮುಂದೆ ಖರೇ ಹೇಳಿದವಳು ನಾನು, ಇಲ್ಲಿ ಹೇಳುವುದೇನು ಕಷ್ಟ ಅಂದುಕೊಂಡು ಎದ್ದೆ. ಮುಂದಿನ ಸಾಲಿನಲ್ಲಿ ಅವ್ವ ಇದ್ದಳು, ತನ್ನ ಮದುವೆಯ ಸೀರೆ ಉಟ್ಟು ಬಂದಿದ್ದಳು. ಅವಳ ಮುಖ ನೋಡಿದ ಕೂಡಲೇ ನಾನು ಹೇಳಬೇಕೆಂದಿದ್ದ ಮಾತು ಹಿಂದಕ್ಕೆ ಸರಿಯಿತು. "ನಮ್ಮ ಗುರುಗಳಿಗೆ ಮತ್ತು ಮನೆಯವರಿಗೆಲ್ಲ ಧನ್ಯವಾದ," ಅಂದು ಕೂತೆ. ಮೂರನೆಯ ಸಾಲಿನಲ್ಲಿ ಗಿರಿಜಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಪರೀಕ್ಷೆಗೆ ಸ್ವಲ್ಪ ಮೊದಲು ಆ ಹೆಣ್ಣುಮಗಳ ಪತ್ರ ಬಂತು. ಅವರ ಕಾಲೇಜಿನಲ್ಲಿ ಬೇಸಿಗೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಎರಡು ವಾರದ ಸಂಶೋಧನಾ ಶಿಬಿರವಿತ್ತು. ಪ್ರಯೋಗಾಲಯದಲ್ಲೇ ಕೆಲಸ, ಅಲ್ಲೇ ಊಟ, ಅಲ್ಲೇ ವಸತಿ. ‘ನಿಮ್ಮಿಬ್ಬರನ್ನೂ ಕರೆಸಬೇಕೆಂದು ಬಹಳ ಪ್ರಯತ್ನಿಸಿದೆ,’ ಅಂತ ಬರೆದಿದ್ದರು. ‘ರಾಜ್ಯಮಟ್ಟದ ಪ್ರಮಾಣಪತ್ರ ಇದ್ದವರಿಗೆ ಮಾತ್ರ ಅವಕಾಶ ಎಂದು ನಿಯಮವಿದೆ. ಗಿರಿಜಾಳಲ್ಲಿ ನಾನು ಕ್ಷಮೆ ಕೇಳಿದೆನೆಂದು ತಿಳಿಸು. ನೀನಾದರೂ ಬಾ.’ ಹೊಸಮನಿ ಸರ ಅದನ್ನು ಮಗ್ಗದ ಕೋಣೆಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಓದಿದರು.

"ನಾ ಹೋಗಂಗಿಲ್ಲ," ಅಂದೆ.

"ಹುಚ್ಚ ಹಿಡದೈತೇನ?" ಅಂದಳು ಅವ್ವ.

"ಗಿರಿಜಾ ಹೋಗಲಿಲ್ಲಂದ್ರ ನಾನೂ ಹೋಗಂಗಿಲ್ಲ."

ಅಪ್ಪ ಸಮಾಧಾನ ಹೇಳಿದ. ಅತ್ತೆ ಮಗ್ಗದಿಂದ ಇಳಿದು ಬಂದು ನನ್ನ ಗದ್ದ ಹಿಡಿದು, "ಹೋಗಿ ಬಾ ನನ್ನವ್ವ. ನಮ್ಮ ಸಲುವಾಗಿ ನೀ ಕಳಕೋಬ್ಯಾಡ. ನಿಮ್ಮವ್ವನ ಮುಂದ ನಾ ಹ್ಯಾಂಗ ಇರಲಿ?" ಅಂತ ಬೇಡಿಕೊಂಡಳು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಾನು ಹಟ ಹಿಡಿದೆ. ಎರಡು ಹೊತ್ತು ಊಟ ಬಿಟ್ಟೆ. ಹೊಸಮನಿ ಸರ ಎರಡು ಸಲ ಬಂದು ಹೋದರು. ಆ ದಿನಗಳಲ್ಲಿ ನನ್ನ ಎದೆ ತುಂಬ ಏನೋ ದೊಡ್ಡದು ಇತ್ತು. ಅದನ್ನು ನಾನು ನ್ಯಾಯ ಅಂದುಕೊಂಡಿದ್ದೆ. ಗಿರಿಜಾ ಒಂದೂ ಮಾತಾಡಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂದಿರಬೇಕು, ಅದಕ್ಕೇ ಸುಮ್ಮನಿದ್ದಾಳೆ ಅಂತ ತಿಳಿದೆ. ಒಪ್ಪಿಗೆ ಕಳಿಸುವ ದಿನ ಮುಗಿಯಿತು. ಅವ್ವ ಎಷ್ಟೋ ದಿನ ನನ್ನ ಜೊತೆಗೂ ಮಾತಾಡಲಿಲ್ಲ, ಅತ್ತೆಯ ಜೊತೆಗೂ ಮಾತಾಡಲಿಲ್ಲ. ಅತ್ತೆ ಮೊದಲಿಗಿಂತ ಬೇಗ ಊಟ ಮುಗಿಸಿ ಏಳತೊಡಗಿದಳು.

ಮುಂದೆ ಗಿರಿಜಾ ವಿಜ್ಞಾನ ಓದಲಿಲ್ಲ. ವಿಜ್ಞಾನದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಬೇಕಿತ್ತು. ಅತ್ತೆ ಅಷ್ಟನ್ನು ಅಣ್ಣನ ಹತ್ತಿರ ಬಾಯಿಬಿಟ್ಟು ಕೇಳಲಿಲ್ಲ, ಊರಲ್ಲೇ ಇದ್ದ ಕಲಾ ವಿಭಾಗಕ್ಕೆ ಸೇರಿಸಿದಳು. ನಾವು ಕೇಳುವ ಮೊದಲೇ ಹೆಸರು ಹಚ್ಚಿ ಬಂದಿದ್ದಳು. ಆ ಬಸ್ಸಿನಲ್ಲಿ ನಾನು ಹೋದೆ. ಈಗ ಗಿರಿಜಾ ನಮ್ಮೂರಲ್ಲೇ ಇದ್ದಾಳೆ, ಎರಡು ಮಗ್ಗ ಹಾಕಿಕೊಂಡಿದ್ದಾಳೆ, ಅವಳ ಕೈಯ ಸೀರೆ ಬೇಕು ಅಂತ ಕೇಳಿ ಬರುವವರಿದ್ದಾರೆ. ಸಿಕ್ಕಾಗ ನಗುತ್ತಾಳೆ. ನಾನು ಶಾಲೆಯ ಮಕ್ಕಳ ಸುದ್ದಿ ಹೇಳುತ್ತೇನೆ. ಅವಳು ಒಂದೊಂದನ್ನೂ ಬಿಡಿಸಿ ಕೇಳುತ್ತಾಳೆ. ಆ ಬೇಸಿಗೆಯ ಸುದ್ದಿಯನ್ನು ಇಬ್ಬರೂ ತೆಗೆಯುವುದಿಲ್ಲ. ಅದರ ಬಗ್ಗೆ ಅವಳು ಮಾತಾಡಿದ್ದು ಒಂದೇ ಸಲ.

ಅದು ಶಿಬಿರ ಶುರುವಾಗಬೇಕಿದ್ದ ದಿನ. ಪರೀಕ್ಷೆ ಮುಗಿದಿತ್ತು. ಅತ್ತೆ ಜ್ವರ ಬಂದು ಮಲಗಿದ್ದಳು, ಮಗ್ಗದ ಮೇಲೆ ಗಿರಿಜಾ ಕೂತಿದ್ದಳು. ನಾನು ಅವಳಿಗೆ ಮಜ್ಜಿಗೆ ಕೊಡಲು ಹೋಗಿ ಕಿಟಕಿಯ ಹತ್ತಿರ ನಿಂತಿದ್ದೆ.

"ಇವತ್ತ ಚಾಲೂ ಆಗಿರತೈತಿ, ಅಲ್ಲ?" ಅಂದಳು, ಬಟ್ಟೆಯ ಮೇಲಿನ ಕಣ್ಣು ಎತ್ತದೆ.

"ಏನ?"

"ಶಿಬಿರ."

ನಾನು ಹೂಂ ಅಂದೆ. ಇಷ್ಟು ದಿನದ ಮೇಲೆ ಈಗ ಹೇಳುತ್ತಾಳೆ ಅಂತ ಕಾಯುತ್ತ ನಿಂತೆ. ಅವಳು ಏನು ಹೇಳಬೇಕು ಅಂತಲೂ ನನಗೆ ಗೊತ್ತಿತ್ತು. ನನ್ನ ಸಲುವಾಗಿ ಬಿಟ್ಟೆಯಲ್ಲ ಸವಿ, ಅನ್ನಬೇಕಿತ್ತು.

"ನೀ ಯಾಕ ಹೋಗಲಿಲ್ಲ?"

"ನಿನ್ನ ಬಿಟ್ಟ ಹ್ಯಾಂಗ ಹೋಗಲಿ?"

ಅವಳು ಮಗ್ಗ ನಿಲ್ಲಿಸಿದಳು.

"ನನ್ನ ಕೇಳಿದೇನ?" ಅಂದಳು. ದನಿ ಎತ್ತರಿಸಲಿಲ್ಲ. "ಮಾಮಾಗ ಹೇಳಿದಿ, ನಿಮ್ಮವ್ವಗ ಹೇಳಿದಿ, ಸರಗ ಹೇಳಿದಿ. ನನ್ನ ಒಂದ ಮಾತ ಕೇಳಿದೇನ? ಅಲ್ಲೆ ಖರೇ ಮಷೀನ ಇರತಿದ್ವು ಸವಿ. ಗಾಳ್ಯಾಗ ನೀರ ಎಷ್ಟೈತಿ ಅಂತ ಅವರು ಹ್ಯಾಂಗ ಅಳೀತಾರ, ನಮ್ಮ ಕಡ್ಡಿ ತೋರಿಸಿದ್ದು ಖರೇ ಐತೋ ಸುಳ್ಳೈತೋ, ಎಲ್ಲಾ ನೋಡಕೊಂಡ ಬಂದು ನೀ ನನಗ ಹೇಳತಿದ್ದಿ. ನೀ ನೆನಪಿಟ್ಟ ಚಲೋ ಹೇಳತಿ. ಈಗ ನಿನಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ."

ಅವಳು ಮತ್ತೆ ಲಾಳಿಗೆ ಕೈ ಹಾಕಿದಳು.

"ಸ್ವಲ್ಪ ಸರಿ," ಅಂದಳು. "ಬೆಳಕಿಗೆ ಅಡ್ಡ ನಿಂತೀದಿ."

ನಾನು ಸರಿದು ನಿಂತೆ.